ಮನೆವಾರ್ತೆ: ಕಡಲಾಚೆಯ ಓದಿಗೆ ಹಣವೂ ಹಾದಿಯೂ

ಪರದೇಶವೆಂದರೆ ಕಡಲನ್ನು ದಾಟಿಯೇ ಹೋಗಬೇಕಾದ ನಾಡೆಂದು ಈಗಿನ ಮಕ್ಕಳು ಭಾವಿಸುವರು. ನಮ್ಮ ಸೇಡಂ, ಚಿತ್ತಾಪುರಗಳ ಹಿರಿಯರಿಗಾದರೋ ಪರದೇಶವು ವಾಡಿ ಜಂಕ್ಷನ್ನಿನಿಂದ ನಾಲ್ಕಾರು ತಾಸಿನ ಹಾದಿಯಲ್ಲಿಯೇ ಮೊದಲಾಗುತ್ತಿದ್ದಿತು. ಸಿಕಂದರಾಬಾದಿನಿಂದ ಹೊರಟ ನಿಜಾಮರ ರೈಲುದಾರಿಯು 1874ರಲ್ಲಿ ವಾಡಿಯಲ್ಲಿ ಮುಂಬಯಿ-ಮದರಾಸಿನ ದಾರಿಯನ್ನು ಕೂಡಿಕೊಂಡ ಮೇಲೆ, ಓದುವ ಹಂಬಲವುಳ್ಳ ಹುಡುಗನು ಸೇಡಮಿನಲ್ಲಿ ಬಂಡಿ ಹತ್ತಿ, ವಾಡಿಯಲ್ಲಿ ಇಳಿದು ಬೇರೊಂದು ಬಂಡಿ ಹಿಡಿದು, ಶಹಾಬಾದು ಕಲಬುರ್ಗಿಗಳನ್ನು ಹಿಂದಕ್ಕೆ ಬಿಟ್ಟು ಸೊಲ್ಲಾಪುರವನ್ನೋ ಪುಣೆಯನ್ನೋ ಸೇರಬಹುದಾಗಿತ್ತು. ಆದರೆ ತಂದೆಯು ಗಂಟು ಕಟ್ಟಿಕೊಟ್ಟ ಹಾಲಿ ಸಿಕ್ಕಾ ರೂಪಾಯಿಯು ಆ ಊರುಗಳ ಅಂಗಡಿಯಲ್ಲಿ ಸಲ್ಲುತ್ತಿರಲಿಲ್ಲ. ಅಲ್ಲಿ ನಡೆಯುತ್ತಿದ್ದುದು ಇಂಗ್ಲಿಷರ ಕಲ್ದಾರ್ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಸುಮಾರಿನ ದರ. ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಎಂದು ಸಾಹುಕಾರರು ಬಾಯಲ್ಲಿಯೇ ಹೇಳಿಬಿಡುವರು. ಹುಡುಗನ ಊಟ, ವಸತಿ, ಶಾಲೆಯ ಶುಲ್ಕಗಳಿಗೆ ತಿಂಗಳಿಗೆ 30 ರೂಪಾಯಿ ಸಾಕೆಂದು ಆತನು ಬರೆದರೆ ಮನೆಯವರು 35 ರೂಪಾಯಿಯನ್ನು ಎಣಿಸಿಡಬೇಕು. ಈ ಐದು ರೂಪಾಯಿಯ ಅಂತರವನ್ನು ಅರಿಯದ ಮನೆಯ ಹುಡುಗನು ತಿಂಗಳ ಕೊನೆಯ ವಾರದಲ್ಲಿ ಒಪ್ಪೊತ್ತು ಉಂಡನು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿಹೋಯಿತು. ಮುಂದಿನ ಹತ್ತು ವರ್ಷಗಳಲ್ಲಿ ಹಾಲಿ ಸಿಕ್ಕಾ ಎಂಬುದೂ ವ್ಯವಹಾರದಿಂದ ಮರೆಯಾಯಿತು. ಈಗ ಮತ್ತೆ ಅದೇ ಲೆಕ್ಕವು ನಮ್ಮ ಪಡಸಾಲೆಗಳಿಗೆ ಮರಳಿ ಬಂದಿದೆ. ಕಲ್ದಾರಿನ ಸ್ಥಾನದಲ್ಲಿ ಪೌಂಡು, ಯೂರೋ, ಡಾಲರುಗಳು ಕುಳಿತಿವೆ, ಅಷ್ಟೆ. ವಾಡಿಯ ಸಿಮೆಂಟು ಕಾರಖಾನೆಯ ಉದ್ಯೋಗಸ್ಥರ ಮನೆಯಲ್ಲಿಯೂ, ಶಹಾಬಾದಿನ ಕಲ್ಲಿನ ವ್ಯಾಪಾರಿಗಳ ಮನೆಯಲ್ಲಿಯೂ, ಚಿಂಚೋಳಿಯ ಒಕ್ಕಲಿನ ಮನೆಯಲ್ಲಿಯೂ ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಓದಲು ಕಳುಹಿಸುವ ಮಾತು ನಡೆಯುತ್ತಿರುವುದು. ವಿದ್ಯೆಯ ಹಿರಿಮೆಯನ್ನು ಕುರಿತು ಹೇಳುವವರು ಬಹು ಮಂದಿ ಇರುವರಾದುದರಿಂದ ನಾವು ಆ ಮಾತನ್ನು ಬಿಟ್ಟು, ಗೃಹಸ್ಥರು ಹಣವನ್ನು ಹೇಗೆ ಹೊಂದಿಸತಕ್ಕದ್ದು, ಹೇಗೆ ಕಳುಹಿಸತಕ್ಕದ್ದು, ಹೋದವರು ಅಲ್ಲಿ ಹೇಗೆ ತಿರುಗಾಡತಕ್ಕದ್ದು ಎಂಬಷ್ಟನ್ನೇ ಈ ತಿಂಗಳು ವಿಚಾರಿಸೋಣ.

ಮೊದಲು ಹಣದ ಗಾತ್ರವನ್ನು ನಮ್ಮ ಅಳತೆಯಲ್ಲಿಯೇ ನೋಡುವುದು ಒಳ್ಳೆಯದು. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾಶುಲ್ಕವು ಬಹುಮಟ್ಟಿಗೆ ಇಲ್ಲವೆಂದು ಕೇಳಿ ನಮ್ಮವರು ಹಿಗ್ಗುವರು. ಮಾತು ನಿಜವೇ, ಬಾಡೆನ್-ವ್ಯೂರ್ಟೆಂಬರ್ಗ್ ಪ್ರಾಂತದಲ್ಲಾದರೋ ಯುರೋಪು ಒಕ್ಕೂಟದ ಹೊರಗಿನವರು ಅರ್ಧವರ್ಷಕ್ಕೆ 1,500 ಯೂರೋ ತೆರಬೇಕು. ಆದರೆ ವೀಸಾ ಕೊಡುವುದಕ್ಕೆ ಮುಂಚೆ ಒಂದು ವರ್ಷದ ಹೊಟ್ಟೆಬಟ್ಟೆಯ ಖರ್ಚನ್ನು ಬೀಗಹಾಕಿದ ಖಾತೆಯೊಂದರಲ್ಲಿ ಇಟ್ಟು ತೋರಿಸಬೇಕೆಂದು ಆ ದೇಶದವರು ವಿಧಿಸಿರುವರು. 2024ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದ ಮೊತ್ತವು 11,904 ಯೂರೋ. ವಿದ್ಯಾರ್ಥಿಯು ಅಲ್ಲಿಗೆ ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಬಿಡುಗಡೆಯಾಗುವುದು. ಯೂರೋ ಒಂದಕ್ಕೆ ನೂರು ರೂಪಾಯಿಯೆಂದು ಹಿಡಿದರೂ ಸುಮಾರು 12 ಲಕ್ಷ ರೂಪಾಯಿ. 2025-26ರ ಸಾಲಿಗೆ ಸರಕಾರವು ತೊಗರಿಗೆ ಕಟ್ಟಿದ ಬೆಂಬಲ ಬೆಲೆಯು ಕ್ವಿಂಟಾಲಿಗೆ 8,000 ರೂಪಾಯಿ. ಎಂದರೆ ಹನ್ನೆರಡು ಲಕ್ಷಕ್ಕೆ 150 ಕ್ವಿಂಟಾಲು ತೊಗರಿ. ಎಕರೆಗೆ ನಾಲ್ಕು ಕ್ವಿಂಟಾಲೆಂದು ಇಟ್ಟುಕೊಂಡರೆ, ಬೀಜ ಗೊಬ್ಬರ ಕೂಲಿಗಳ ಖರ್ಚನ್ನು ಎಣಿಸದೆಯೂ, ಮೂವತ್ತೇಳೂವರೆ ಎಕರೆಯ ಬೆಳೆಯು ಒಬ್ಬ ಹುಡುಗನ ಒಂದು ವರ್ಷದ ಅನ್ನಕ್ಕೆ ಹೋಯಿತು. ಇದನ್ನು ಹೆದರಿಸುವುದಕ್ಕಾಗಿ ಬರೆದುದಲ್ಲ. ಬೀಗದ ಖಾತೆಯ ಹಣವು ಶುಲ್ಕವಲ್ಲ. ಅದು ಹುಡುಗನದೇ ಹಣ, ಆತನು ಮಿತವಾಗಿ ನಡೆದರೆ ಉಳಿಯತಕ್ಕ ಹಣ. ಆದರೆ ಯೂರೋ ಎಂಬ ಅಂಕಿಯು ಮನಸ್ಸಿಗೆ ಹತ್ತುವುದಿಲ್ಲ. ತೊಗರಿಯ ಚೀಲವು ಹತ್ತುವುದು.

ಗಾತ್ರಕ್ಕಿಂತಲೂ ತೊಡಕಾದುದು ಕಾಲ. ನಮ್ಮ ಸೀಮೆಯಲ್ಲಿ ತೊಗರಿಯ ಹಣವು ಬರುವುದು ಪುಷ್ಯ, ಮಾಘ ಮಾಸಗಳಲ್ಲಿ. ಮುಂಗಾರಿನ ಬಿತ್ತನೆಗೆ ಕೈಯಲ್ಲಿದ್ದುದೆಲ್ಲ ಹೊಲಕ್ಕೆ ಹೋಗುವುದು ಜ್ಯೇಷ್ಠ, ಆಷಾಢಗಳಲ್ಲಿ. ಆದರೆ ಯುರೋಪು ಅಮೆರಿಕಗಳ ವಿದ್ಯಾಲಯಗಳಲ್ಲಿ ಹೊಸ ವರ್ಷದ ಪಾಠಗಳು ಆಗಸ್ಟಿನ ಕೊನೆಯಿಂದ ಅಕ್ಟೋಬರಿನೊಳಗೆ ಆರಂಭವಾಗುವುದರಿಂದ ಮುಂಗಡ ಶುಲ್ಕ, ವೀಸಾ, ವಿಮಾನದ ಟಿಕೇಟು ಇವೆಲ್ಲಕ್ಕೂ ಹಣ ಬೇಕಾಗುವುದು ಸರಿಯಾಗಿ ಆಷಾಢ ಶ್ರಾವಣಗಳಲ್ಲಿ. ಒಕ್ಕಲುತನದ ಮನೆಯ ಕಣಜವೂ ಕೈಚೀಲವೂ ಒಟ್ಟಿಗೆ ಬರಿದಾಗಿರುವ ಹೊತ್ತಿನಲ್ಲಿಯೇ ಈ ಬೇಡಿಕೆಯು ಬಾಗಿಲಿಗೆ ಬರುವುದು. ಆಗಲೇ ಬಡ್ಡಿಯ ಸಾಹುಕಾರನೂ ಬರುವನು. ಆದುದರಿಂದ ಹಿಂದಿನ ವರ್ಷದ ರಾಶಿಯಾದ ಕೂಡಲೇ ಮುಂದಿನ ಶ್ರಾವಣಕ್ಕೆ ಬೇಕಾಗುವ ಹಣವನ್ನು ಠೇವಣಿಯಲ್ಲಿ ಬೇರೆ ಇಡತಕ್ಕದ್ದು. ಇಂಗ್ಲೆಂಡಿನ ಕೆಲವು ವಿದ್ಯಾಲಯಗಳು ಜನವರಿಯಲ್ಲಿಯೂ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದುಂಟು. ಆದರೆ ಅವುಗಳ ಮುಂಗಡವು ದೀಪಾವಳಿಯ ಸುಮಾರಿಗೇ ಬೇಕಾಗುವುದರಿಂದ ಅಲ್ಲಿಯೂ ಹಿಂದಿನ ರಾಶಿಯ ಹಣವೇ ಗತಿ.

ಸಾಲದ ವಿಷಯದಲ್ಲಿ ನಮ್ಮ ಕಡೆಯ ಗೃಹಸ್ಥರು ಮೊದಲಿಗೆ ಬೆರಗಾಗುವುದು ಒಂದು ಸಂಗತಿಗಾಗಿ. ಮೂವತ್ತು ಎಕರೆ ಎರೆಯ ಹೊಲವುಳ್ಳವನು ಊರಿನಲ್ಲಿ ದೊಡ್ಡ ಕುಳ. ಆದರೆ ವಿದ್ಯಾಸಾಲದ ಮೇಜಿನ ಮುಂದೆ ಆ ಹೊಲಕ್ಕೆ ಬಹುತೇಕ ಬೆಲೆಯೇ ಇಲ್ಲ. ಏತಕ್ಕೆಂದರೆ, ಸಾಲ ತೀರದಿದ್ದಾಗ ಒತ್ತೆಯನ್ನು ನ್ಯಾಯಾಲಯಕ್ಕೆ ಹೋಗದೆ ವಶಪಡಿಸಿಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟ 2002ರ ಕಾನೂನು ಕೃಷಿಭೂಮಿಯನ್ನು ಹೊರಗಿರಿಸಿದೆ. ಅದು ಒಕ್ಕಲಿಗನನ್ನು ಕಾಪಾಡುವುದಕ್ಕಾಗಿ ಮಾಡಿದ ಏರ್ಪಾಡು, ಸರಿಯಾದುದೂ ಹೌದು. ಆದರೆ ಅದೇ ಕಾರಣದಿಂದ ಬ್ಯಾಂಕಿನವರು ಹೊಲವನ್ನು ಒತ್ತೆಯಾಗಿ ಹಿಡಿಯಲು ಹಿಂಜರಿದು, ಪಟ್ಟಣದೊಳಗಿನ ಮನೆ, ನಿವೇಶನ, ಠೇವಣಿಗಳನ್ನು ಕೇಳುವರು. ಸಂಬಳದವನಿಗೆ ಈ ತೊಂದರೆ ಅಷ್ಟಿಲ್ಲ. ವೇತನದ ಚೀಟಿಯೇ ಆತನ ಸಾಕ್ಷಿ. ಸಾಧಾರಣವಾಗಿ ಸರಕಾರಿ ಬ್ಯಾಂಕುಗಳಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿಯ ಒತ್ತೆಯಿಲ್ಲದೆ ಸಾಲ ದೊರೆಯುವುದು. ಅದರ ಮೇಲೆ ಒತ್ತೆ ಬೇಕು. ಹೆಸರಾಂತ ವಿದ್ಯಾಲಯಗಳಿಗೆ ಹೋಗುವವರಿಗೆ ಮಾತ್ರ ಕೆಲವು ಬ್ಯಾಂಕುಗಳು ಹೆಚ್ಚಿನ ಸಡಿಲವನ್ನು ತೋರಿಸುವುವು. ಹೀಗಿರುವಲ್ಲಿ ಆತುರಪಟ್ಟು ಹೊಲವನ್ನು ಮಾರುವುದಕ್ಕೆ ಮುಂಚೆ ಊರಿನ ಮನೆಯ ಕಾಗದಪತ್ರಗಳು ನೆಟ್ಟಗಿವೆಯೆ, ಹಿರಿಯರ ಹೆಸರಿನಲ್ಲಿಯೇ ಉಳಿದಿವೆಯೆ ಎಂದು ನೋಡಿಸುವುದು ಜಾಣತನ. ಅಣ್ಣತಮ್ಮಂದಿರ ಪಾಲು ಬರೆಯದೆ ಬಿಟ್ಟಿರುವ ಮನೆಯನ್ನು ಯಾವ ಬ್ಯಾಂಕೂ ಮುಟ್ಟುವುದಿಲ್ಲ. ಅದನ್ನು ಸರಿಪಡಿಸುವುದಕ್ಕೆ ಬೇಕಾಗುವ ಕಾಲವು ವೀಸಾದ ಕಾಲಕ್ಕಿಂತ ಎಷ್ಟೋ ದೊಡ್ಡದು.

ಸಾಲವನ್ನು ಓದು ಮುಗಿದು ಒಂದು ವರ್ಷದ ಮೇಲೆ ತೀರಿಸಲಾರಂಭಿಸಿದರೆ ಸಾಕೆಂಬ ಮಾತನ್ನು ಕೇಳಿ ನಿಶ್ಚಿಂತರಾಗಬಾರದು. ಆ ಅವಧಿಯಲ್ಲಿ ಬಡ್ಡಿಯು ನಿದ್ರಿಸುವುದಿಲ್ಲ. ಶೇಕಡ 10ರ ಬಡ್ಡಿಯಲ್ಲಿ 20 ಲಕ್ಷ ರೂಪಾಯಿಯನ್ನು ಒಮ್ಮೆಗೇ ತೆಗೆದುಕೊಂಡಿರೆಂದು ಭಾವಿಸಿರಿ: ಎರಡು ವರ್ಷದ ಓದು, ಒಂದು ವರ್ಷದ ಬಿಡುವು, ಒಟ್ಟು ಮೂರು ವರ್ಷಕ್ಕೆ 6 ಲಕ್ಷ ಬಡ್ಡಿ. ಮಗನು ಮೊದಲ ಕಂತು ಕಟ್ಟುವ ಹೊತ್ತಿಗೆ ಆತನ ತಲೆಯ ಮೇಲೆ ಇರುವುದು 26 ಲಕ್ಷ. ಮನೆಯವರು ಆ ಕಾಲದಲ್ಲಿ ಬಡ್ಡಿಯನ್ನಾದರೂ ತಿಂಗಳು ತಿಂಗಳು ಕಟ್ಟಬಲ್ಲವರಾದರೆ ಅದಕ್ಕಿಂತ ಒಳ್ಳೆಯ ಉಡುಗೊರೆಯನ್ನು ನಾವು ಕಾಣೆವು.

ಇಲ್ಲಿ ಒಂದು ಅಹಿತಕರವಾದ ಮಾತನ್ನು ಆಡಬೇಕಾಗಿದೆ. ಇಂಗ್ಲೆಂಡಿಗೆ ಹೋಗುವ ವಿದ್ಯಾರ್ಥಿಯು ಶುಲ್ಕದ ಬಾಕಿಯನ್ನೂ, ಒಂಬತ್ತು ತಿಂಗಳವರೆಗಿನ ಜೀವನದ ಖರ್ಚನ್ನೂ ತನ್ನ ಅಥವಾ ತಂದೆತಾಯಿಗಳ ಖಾತೆಯಲ್ಲಿ ಒಂದೇ ಸಮನೆ 28 ದಿವಸಗಳ ಕಾಲ ಇಟ್ಟು ತೋರಿಸಬೇಕೆಂಬ ನಿಯಮವಿದೆ. ಈ ಇಪ್ಪತ್ತೆಂಟು ದಿವಸಕ್ಕೆ ಮಾತ್ರ ಹಣವನ್ನು ಬಾಡಿಗೆಗೆ ಕೊಡುವವರಿರುವರು. ಲಕ್ಷಕ್ಕೆ ಇಷ್ಟೆಂದು ದರ ಗೊತ್ತುಮಾಡಿ ಹಣವನ್ನು ಖಾತೆಗೆ ತುಂಬುವರು; ವೀಸಾ ದೊರೆತ ಮರುದಿನ ಎತ್ತಿಕೊಂಡು ಹೋಗುವರು. ‘ತೋರಿಕೆಯ ಹಣ’ವೆಂದು ಇದಕ್ಕೆ ಹೆಸರು. ದಲ್ಲಾಳಿಗಳು ಇದನ್ನು ಎಲ್ಲರೂ ಮಾಡುವ ಸಾಧಾರಣ ಉಪಾಯವೆಂಬಂತೆ ಹೇಳುವುದುಂಟು. ಪರದೇಶದ ಸರಕಾರಕ್ಕೆ ಸುಳ್ಳು ಹೇಳುವುದು ತಪ್ಪೆಂಬುದು ಒಂದು ಮಾತು. ಸಿಕ್ಕಿಬಿದ್ದರೆ ಮುಂದೆ ಬಹಳ ವರ್ಷಗಳವರೆಗೆ ಆ ದೇಶದ ಬಾಗಿಲು ಮುಚ್ಚುವುದು. ಆದರೆ ಸಿಕ್ಕಿಬೀಳದಿದ್ದರೆ ಆಗುವುದೇ ಇನ್ನೂ ಕೆಟ್ಟದು. ಆ ನಿಯಮವನ್ನು ಮಾಡಿದುದು ಹುಡುಗನು ಉಪವಾಸ ಬೀಳದಿರಲೆಂದಲ್ಲವೆ? ತೋರಿಸಿದ ಹಣವು ನಿಜವಾಗಿ ಇಲ್ಲದ ಮೇಲೆ, ಡಿಸೆಂಬರಿನ ಚಳಿಯಲ್ಲಿ ಬಾಡಿಗೆ ಕಟ್ಟಲು ಆತನಿಗೆ ಉಳಿಯುವ ದಾರಿ ಯಾವುದು? ಪಾಠದ ದಿನಗಳಲ್ಲಿ ವಾರಕ್ಕೆ 20 ತಾಸಿಗಿಂತ ಹೆಚ್ಚು ದುಡಿಯಕೂಡದೆಂದು ಆತನ ವೀಸಾದಲ್ಲಿ ಕಟ್ಟಿದೆ. ಮನೆಗೆ ಬರೆಯಲು ನಾಚಿಕೆ, ಮನೆಯಲ್ಲಿ ಹಣವಿಲ್ಲವೆಂಬ ಅರಿವು. ಹೋಟೆಲಿನ ಹಿಂಬಾಗಿಲಿನಲ್ಲಿ ಲೆಕ್ಕಕ್ಕೆ ಬಾರದ ಕೂಲಿಗೆ ರಾತ್ರಿಯೆಲ್ಲ ಪಾತ್ರೆ ತೊಳೆದು, ಬೆಳಿಗ್ಗೆ ಪಾಠದಲ್ಲಿ ತೂಕಡಿಸುವನು. ಅಂತಹ ಕೂಲಿಯನ್ನು ಯಜಮಾನನು ಅರ್ಧಕ್ಕೆ ಕೊಟ್ಟರೂ ದೂರುವಂತಿಲ್ಲ. ದೂರಿದರೆ ತನ್ನ ವೀಸಾಕ್ಕೇ ಸಂಚಕಾರ. ಹಣವಿಲ್ಲದಿದ್ದರೆ ಒಂದು ವರ್ಷ ತಡೆದು ಕಳುಹಿಸಿರಿ. ಇಪ್ಪತ್ತೆರಡರಲ್ಲಿ ಹೋಗುವವನು ಇಪ್ಪತ್ತಮೂರರಲ್ಲಿ ಹೋದರೆ ಯಾವ ವಿದ್ಯೆಯೂ ಹಳಸುವುದಿಲ್ಲ.

ವಿದ್ಯಾರ್ಥಿವೇತನಗಳನ್ನು ವಿಚಾರಿಸದೆಯೇ ಸಾಲಕ್ಕೆ ಹೋಗುವವರೂ ನಮ್ಮಲ್ಲಿ ಹೆಚ್ಚು. ಹೈದರಾಬಾದಿನಲ್ಲಿ ಹುಟ್ಟಿಬೆಳೆದ ಸರೋಜಿನಿ ನಾಯಿಡು ಅವರು 1895ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಓದಲು ಹೋದುದು ನಿಜಾಮರ ವೇತನದಿಂದಲೇ. ಹೆಣ್ಣುಮಗಳನ್ನು ಅಷ್ಟು ದೂರ ಹೇಗೆ ಕಳುಹಿಸುವುದೆಂದು ಇಂದಿಗೂ ಚಿಂತಿಸುವ ಮನೆಗಳವರು ಆ ವರ್ಷವನ್ನು ಇನ್ನೊಮ್ಮೆ ಓದಿಕೊಳ್ಳಲಿ. ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದುದು ಬರೋಡೆಯ ಮಹಾರಾಜರು ಮೂರು ವರ್ಷಗಳ ಕಾಲ ಕೊಡಮಾಡಿದ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನದ ಮೇಲೆ. ಅದಕ್ಕೆ ಬದಲಾಗಿ ಹತ್ತು ವರ್ಷ ಬರೋಡೆಯ ಸೇವೆ ಮಾಡುವೆನೆಂಬ ಕರಾರಿಗೆ ಅವರು ರುಜು ಹಾಕಬೇಕಾಗಿದ್ದಿತು. ಕೈಗೆ ಬಂದ ವೇತನದ ಕಾಗದದಲ್ಲಿ ಇಂತಹ ಷರತ್ತು ಏನಿದೆಯೆಂದು ಓದುವುದು ಈಗಲೂ ಅವಶ್ಯ. ವೇತನದ ಅವಧಿ ಮುಗಿದು ಲಂಡನ್ನಿನ ಓದು ಅರ್ಧಕ್ಕೆ ನಿಂತಾಗ ಅವರು ಊರಿಗೆ ಹಿಂದಿರುಗಿ, ಮುಂಬಯಿಯಲ್ಲಿ ಪ್ರಾಧ್ಯಾಪಕರಾಗಿ ದುಡಿದು ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಸ್ನೇಹಿತರೊಬ್ಬರ ಸಾಲ ಇವುಗಳನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಹೋದರು. ಅರ್ಧಕ್ಕೆ ನಿಲ್ಲಿಸಿ ದುಡಿದು ಮತ್ತೆ ಹೋಗುವುದು ಅವಮಾನವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ರೂಪಾಯಿಯ ವಿನಿಮಯದ ಏರಿಳಿತವನ್ನೇ ಕುರಿತು ಅವರು ಬರೆದ ಗ್ರಂಥವು 1923ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಪೌಂಡಿನ ಬಿಸಿಯನ್ನು ಕೈಯಾರ ಅನುಭವಿಸಿದವರೇ ಆ ವಿಷಯವನ್ನು ಎತ್ತಿಕೊಂಡರೆಂಬುದನ್ನು ನೆನೆದರೆ ನಮಗೆ ಒಂದು ಬಗೆಯ ಸಂತೋಷವಾಗುವುದು. ಈಗ ಪರಿಶಿಷ್ಟ ಜಾತಿಯವರಿಗೂ ಅಲೆಮಾರಿ ಸಮುದಾಯಗಳವರಿಗೂ ಭೂಹೀನ ಕೃಷಿಕೂಲಿಗಳ ಮಕ್ಕಳಿಗೂ ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವುಂಟು. ಕರ್ನಾಟಕ ಸರಕಾರದ ಸಮಾಜಕಲ್ಯಾಣ ಇಲಾಖೆಯು ‘ಪ್ರಬುದ್ಧ’ ಎಂಬ ಯೋಜನೆಯನ್ನು ನಡೆಸಿದೆ. ಶಹಾಬಾದಿನ ಕಲ್ಲಿನ ಗಣಿಗಳಲ್ಲಿ ದುಡಿಯುವವರ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹೆಸರುಗಳು ಕಿವಿಗೆ ಬಿದ್ದಿರುವುವು? ಓದುಗರಲ್ಲಿ ಉಪಾಧ್ಯಾಯರಿದ್ದರೆ ದಯವಿಟ್ಟು ತಮ್ಮ ತರಗತಿಯಲ್ಲಿ ಹೇಳಬೇಕು.

ಇನ್ನು ಹಣವನ್ನು ಕಳುಹಿಸುವ ಬಗೆ. ಭಾರತದಲ್ಲಿ ವಾಸಿಸುವ ಒಬ್ಬೊಬ್ಬನೂ ಹಣಕಾಸಿನ ವರ್ಷವೊಂದಕ್ಕೆ 2,50,000 ಡಾಲರಿನವರೆಗೆ ಹೊರಕ್ಕೆ ಕಳುಹಿಸಲು ರಿಜರ್ವ್ ಬ್ಯಾಂಕು ಅನುಮತಿಸಿದೆ. ನಮ್ಮಂಥವರಿಗೆ ಆ ಮಿತಿಯು ಎಂದಿಗೂ ಅಡ್ಡಿಯಾಗದು. ಅಡ್ಡಿಯಾಗುವುದು ಸಣ್ಣ ಸಂಗತಿಗಳು. ಎಲ್ಲ ಶಾಖೆಗಳಲ್ಲಿಯೂ ಪರದೇಶದ ಹಣದ ವ್ಯವಹಾರ ನಡೆಯುವುದಿಲ್ಲ. ತಾಲೂಕಿನ ಶಾಖೆಯಲ್ಲಿ ಕೊಟ್ಟ ಕಾಗದವು ದೊಡ್ಡ ಊರಿನ ಶಾಖೆಗೆ ಹೋಗಿ ಬರುವುದರಲ್ಲಿ ಒಂದು ವಾರ ಕಳೆದರೂ ಆಶ್ಚರ್ಯವಿಲ್ಲ. ಶುಲ್ಕದ ಕೊನೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಹದಿನೈದು ದಿನ ಹಿಂದಕ್ಕೆ ಗುರುತುಹಾಕಿಕೊಳ್ಳುವುದು ಲೇಸು. ಬ್ಯಾಂಕಿನವರು ‘ಇಂದಿನ ದರ ಇಷ್ಟು’ ಎಂದರೆ ಅಷ್ಟಕ್ಕೇ ತೃಪ್ತರಾಗದೆ, ‘ಒಂದು ಸಾವಿರ ಯೂರೋ ಅಲ್ಲಿ ಪೂರ್ತಿಯಾಗಿ ತಲುಪಬೇಕಾದರೆ ನನ್ನ ಖಾತೆಯಿಂದ ಎಲ್ಲ ಸೇರಿ ಎಷ್ಟು ರೂಪಾಯಿ ಹೋಗುವುದು?’ ಎಂದು ಕೇಳಿರಿ. ದರದಲ್ಲಿ ಅಡಗಿಸಿದ ಲಾಭ, ಕಮಿಷನ್ನು, ತೆರಿಗೆ, ನಡುವಿನ ಬ್ಯಾಂಕು ಕತ್ತರಿಸಿಕೊಳ್ಳುವ ತುಂಡು ಎಲ್ಲವೂ ಆ ಒಂದು ಉತ್ತರದಲ್ಲಿ ಹೊರಬೀಳುವುವು. ಎರಡು ಬ್ಯಾಂಕುಗಳಲ್ಲಿ ಇದೇ ಪ್ರಶ್ನೆಯನ್ನು ಕೇಳಿದ ಗೃಹಿಣಿಯು ಬೇಳೆಯ ಅಂಗಡಿಯಲ್ಲಿ ಚೌಕಾಸಿ ಮಾಡಿ ವರ್ಷವೆಲ್ಲ ಉಳಿಸುವುದಕ್ಕಿಂತ ಹೆಚ್ಚನ್ನು ಒಂದು ಮಧ್ಯಾಹ್ನದಲ್ಲಿ ಉಳಿಸುವಳು.

ತೆರಿಗೆಯ ಒಂದು ಮಾತು ಒಕ್ಕಲಿಗರಿಗೆ ವಿಶೇಷವಾಗಿ ತಿಳಿದಿರಬೇಕು. ಬ್ಯಾಂಕಿನ ವಿದ್ಯಾಸಾಲದಿಂದ ಕಳುಹಿಸಿದ ಹಣಕ್ಕೆ ಮೂಲದಲ್ಲಿ ತೆರಿಗೆಯ ವಸೂಲಿ ಇಲ್ಲ. ಸ್ವಂತ ಹಣವನ್ನು ಕಳುಹಿಸಿದರೆ, 2025ರ ಏಪ್ರಿಲಿನಿಂದ, ವರ್ಷಕ್ಕೆ 10 ಲಕ್ಷ ರೂಪಾಯಿಯನ್ನು ಮೀರಿದ ಭಾಗದ ಮೇಲೆ ಬ್ಯಾಂಕು ತೆರಿಗೆಯನ್ನು ಹಿಡಿಯುವುದು. ದರವು ಮುಂಗಡಪತ್ರದಿಂದ ಮುಂಗಡಪತ್ರಕ್ಕೆ ಬದಲಾಗತಕ್ಕದ್ದಾದುದರಿಂದ ಕಳುಹಿಸುವ ದಿನ ಕೇಳಿ ತಿಳಿಯಬೇಕು. ಹೀಗೆ ಹಿಡಿದ ಹಣವು ಹೋಗಿಬಿಟ್ಟ ಹಣವಲ್ಲ. ಆದಾಯತೆರಿಗೆಯ ವಿವರಪತ್ರ ಸಲ್ಲಿಸಿದವರಿಗೆ ಅದು ಜಮೆಯಾಗಿ, ತೆರಿಗೆ ಬಾಕಿಯಿಲ್ಲದಿದ್ದರೆ ಮರಳಿ ಬರುವುದು. ಆದರೆ ಕೃಷಿಯ ಆದಾಯಕ್ಕೆ ತೆರಿಗೆಯಿಲ್ಲವಾದುದರಿಂದ ನಮ್ಮ ಒಕ್ಕಲಿಗರಲ್ಲಿ ಬಹು ಮಂದಿ ವಿವರಪತ್ರವನ್ನು ಸಲ್ಲಿಸುವುದೇ ಇಲ್ಲ. ಹಾಗಾಗಿ ತಮ್ಮದೇ ಹಣವನ್ನು ಸರಕಾರದ ಬೊಕ್ಕಸದಲ್ಲಿ ಬಿಟ್ಟುಬಿಡುವರು. ಆ ವರ್ಷವಾದರೂ ವಿವರಪತ್ರ ಸಲ್ಲಿಸಿರಿ. ತಂದೆತಾಯಿಗಳಿಬ್ಬರ ಬಳಿಯೂ ಹಣವಿದ್ದು ಇಬ್ಬರೂ ತಮ್ಮ ತಮ್ಮ ಖಾತೆಯಿಂದ ಕಳುಹಿಸಿದರೆ ಹತ್ತು ಲಕ್ಷದ ಮಿತಿಯು ಒಬ್ಬೊಬ್ಬರಿಗೂ ಬೇರೆ ಬೇರೆ ಎಂಬುದನ್ನೂ ನೆನಪಿಡಿರಿ.

ವಿನಿಮಯದ ಇಳಿತವನ್ನು ಲೆಕ್ಕಕ್ಕೆ ಹಿಡಿಯದ ಅಂದಾಜು ಅಂದಾಜೇ ಅಲ್ಲ. 2010ರ ಸುಮಾರಿಗೆ ಡಾಲರೊಂದಕ್ಕೆ 45 ರೂಪಾಯಿಯಿದ್ದುದು 2025ರ ಡಿಸೆಂಬರಿನಲ್ಲಿ 90ನ್ನು ದಾಟಿತು. ಎರಡನೆಯ ವರ್ಷದ ಶುಲ್ಕವು 20,000 ಡಾಲರೆಂದು ಈ ದಿನ 18 ಲಕ್ಷವನ್ನು ಬರೆದಿಟ್ಟವನು, ರೂಪಾಯಿಯು ಶೇಕಡ ಐದರಷ್ಟು ಜಾರಿದರೆ, ಇನ್ನೂ 90,000 ರೂಪಾಯಿಯನ್ನು ಎಲ್ಲಿಂದಲಾದರೂ ತರಬೇಕು.

ಕೈಯಲ್ಲಿ ಕೊಂಡೊಯ್ಯುವ ಪರದೇಶದ ನೋಟುಗಳು ಒಂದು ಪ್ರಯಾಣಕ್ಕೆ 3,000 ಡಾಲರಿನ ಬೆಲೆಯನ್ನು ಮೀರಕೂಡದು. ಅಷ್ಟನ್ನು ಕೊಂಡೊಯ್ಯುವ ಅಗತ್ಯವೂ ಇಲ್ಲ. ಮೊದಲ ಹದಿನೈದು ದಿನದ ಊಟಕ್ಕೆ ಸಾಕಾಗುವಷ್ಟು ನೋಟು, ಉಳಿದುದು ಮುಂಗಡವಾಗಿ ಪರದೇಶದ ಹಣವನ್ನು ತುಂಬಿದ ಕಾರ್ಡಿನಲ್ಲಿ ಇರಲಿ. ಊರಿನ ಬ್ಯಾಂಕಿನ ಸಾಧಾರಣ ಕಾರ್ಡನ್ನು ಅಲ್ಲಿ ಉಜ್ಜಿದರೆ ನೂರಕ್ಕೆ ಎರಡು ಮೂರು ರೂಪಾಯಿ ಸುಮ್ಮನೆ ಸೋರುವುದು. ಅಲ್ಲಿನ ಅಂಗಡಿಯ ಯಂತ್ರವು ಕೆಲವು ಸಲ ‘ರೂಪಾಯಿಯಲ್ಲಿ ತೆರುವಿರಾ, ಪೌಂಡಿನಲ್ಲಿ ತೆರುವಿರಾ?’ ಎಂದು ಬಹಳ ಸೌಜನ್ಯದಿಂದ ಕೇಳುವುದು. ಆ ಸೌಜನ್ಯಕ್ಕೆ ಮರುಳಾಗದೆ ಆ ದೇಶದ ಹಣವನ್ನೇ ಆರಿಸತಕ್ಕದ್ದು; ರೂಪಾಯಿಯನ್ನು ಆರಿಸಿದರೆ ದರವನ್ನು ಕಟ್ಟುವವನು ಅಂಗಡಿಯ ಕಡೆಯವನು.

ಹಾದಿಯ ಮಾತಿಗೆ ಬರೋಣ. ಒಂಬತ್ತು ಹತ್ತನೆಯ ಶತಮಾನಗಳಲ್ಲಿ ಅರಬ್ಬಿ ವರ್ತಕರೂ ಪ್ರವಾಸಿಗಳೂ ನಮ್ಮ ಸೇಡಂ ತಾಲೂಕಿನ ಮಳಖೇಡವನ್ನು ‘ಮಾನಕೀರ್’ ಎಂದು ಬರೆದಿಟ್ಟರು. ಅಲ್ಲಿನ ರಾಷ್ಟ್ರಕೂಟ ಅರಸನು ಅವರ ಬಾಯಲ್ಲಿ ‘ಬಲ್ಹರಾ’ ಆದನು. ಅಂದು ಅವರು ನಮ್ಮ ಹೆಸರುಗಳನ್ನು ಹೇಗೆ ತಿರುಚಿಕೊಂಡು ಹಾದಿ ಕೇಳಿದರೋ ಇಂದು ನಮ್ಮ ಮಕ್ಕಳು ಅವರಿವರ ಊರುಗಳಲ್ಲಿ ಹಾಗೆಯೇ ಕೇಳುತ್ತಿರುವರು. ಮೊದಲ ಪ್ರಯಾಣವು ಹೈದರಾಬಾದಿನವರೆಗೆ. ಸೇಡಂ ಚಿತ್ತಾಪುರದವರಿಗೆ ರೈಲು ಬಾಗಿಲಲ್ಲಿಯೇ ಇದೆ; ಚಿಂಚೋಳಿಯವರು ರೈಲಿಲ್ಲದ ಊರಿನವರಾದುದರಿಂದ ಬಸ್ಸಿನಲ್ಲಿ ತಾಂಡೂರಿಗೋ ಸೇಡಮಿಗೋ ಬರಬೇಕು. ರೈಲು ಎರಡು ತಾಸು ತಡವಾದರೂ ತಪ್ಪದ ಹಾಗೆ ವಿಮಾನಕ್ಕೆ ಹೊರಡತಕ್ಕದ್ದು; ಹೈದರಾಬಾದಿನ ವಿಮಾನನಿಲ್ದಾಣವು ಊರೊಳಗಿಲ್ಲ, ಶಂಷಾಬಾದಿನಲ್ಲಿದೆ. ಅಮೆರಿಕದ ದೂತಾವಾಸವು 2023ರಿಂದ ಹೈದರಾಬಾದಿನ ನಾನಕ್‌ರಾಮಗುಡದಲ್ಲಿರುವುದು ನಮಗೆ ಅನುಕೂಲ. ಕೆಲವು ದೇಶಗಳವರು ಅರ್ಜಿದಾರನು ಯಾವ ರಾಜ್ಯದವನೆಂಬುದನ್ನು ನೋಡಿ ಬೆಂಗಳೂರಿಗೇ ಬರಹೇಳುವುದುಂಟು. ಆ ಪ್ರಯಾಣ, ಅಲ್ಲಿನ ಎರಡು ದಿನದ ವಸತಿ ಇವುಗಳನ್ನೂ ಅಂದಾಜಿನಲ್ಲಿ ಸೇರಿಸಿರಿ.

ಲಂಡನ್ನಿನಲ್ಲಿ ಇಳಿದವನು ಜೇಬಿನ ನೋಟನ್ನು ತೋರಿಸಿ ಬಸ್ಸನ್ನು ಹತ್ತುವೆನೆಂದರೆ ಹತ್ತಗೊಡರು. 2014ರ ಜುಲೈಯಿಂದ ಅಲ್ಲಿನ ಬಸ್ಸುಗಳಲ್ಲಿ ನಗದು ಹಣವನ್ನು ಸ್ವೀಕರಿಸುವುದಿಲ್ಲ; ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಬೇಕು. ಒಮ್ಮೆ ಮುಟ್ಟಿಸಿ ಹತ್ತಿದ ಮೇಲೆ ಒಂದು ತಾಸಿನೊಳಗೆ ಬೇರೆ ಬಸ್ಸುಗಳನ್ನು ಹತ್ತಿದರೆ ಮತ್ತೆ ಹಣ ಬೀಳುವುದಿಲ್ಲ. ನೆಲದೊಳಗಿನ ರೈಲಿನಲ್ಲಾದರೋ ಒಳಹೋಗುವಾಗ ಮುಟ್ಟಿಸಿದಂತೆ ಹೊರಬರುವಾಗಲೂ ಮುಟ್ಟಿಸಬೇಕು, ಮರೆತರೆ ಅತಿ ಹೆಚ್ಚಿನ ದರವು ಬೀಳುವುದು. ದಿನಕ್ಕೆ ಇಷ್ಟನ್ನು ಮೀರಿ ವಸೂಲು ಮಾಡಕೂಡದೆಂಬ ಮಿತಿಯು ಅಲ್ಲುಂಟು. ಆದರೆ ಬೆಳಿಗ್ಗೆ ಕಾರ್ಡನ್ನೂ ಸಂಜೆ ಮೊಬೈಲನ್ನೂ ಮುಟ್ಟಿಸಿದವನಿಗೆ ಇಬ್ಬರೆಂದು ಲೆಕ್ಕ ಬಿದ್ದು ಆ ಮಿತಿಯ ಲಾಭ ತಪ್ಪುವುದು. ವಿದ್ಯಾರ್ಥಿಗಳಿಗೆ ತಿಂಗಳ ಪಾಸಿನಲ್ಲಿ ಶೇಕಡ 30ರ ರಿಯಾಯಿತಿಯಿದೆ. ಊರೂರುಗಳ ರೈಲಿಗೆ ಮೂರರಲ್ಲಿ ಒಂದು ಪಾಲನ್ನು ಬಿಡುವ ಯುವಕರ ಕಾರ್ಡು ಬೇರೆ ಇದೆ. ಜರ್ಮನಿಯಲ್ಲಿ ಬಹಳ ಕಡೆ ಅರ್ಧವರ್ಷದ ವಿದ್ಯಾಲಯದ ವಂತಿಗೆಯಲ್ಲಿಯೇ ಬಸ್ಸು ರೈಲುಗಳ ಚೀಟಿಯೂ ಸೇರಿರುವುದರಿಂದ ಬೇರೆ ಪಾಸನ್ನು ಕೊಳ್ಳುವುದಕ್ಕೆ ಮುಂಚೆ ವಿಚಾರಿಸಬೇಕು. ಅಲ್ಲಿ ನಿಲ್ದಾಣಕ್ಕೆ ಬಾಗಿಲಿಲ್ಲ, ಕೇಳುವವರಿಲ್ಲವೆಂದು ಚೀಟಿಯಿಲ್ಲದೆ ಕುಳಿತವನಿಗೆ ಸಿಕ್ಕಿದಾಗ 60 ಯೂರೋ ದಂಡ. ಇಂತಹ ಪ್ರಯಾಣಕ್ಕೆ ಅವರ ಮಾತಿನಲ್ಲಿ ‘ಕಪ್ಪು ಸವಾರಿ’ ಎಂಬರ್ಥದ ಹೆಸರಿದೆಯಂತೆ. ಅಮೆರಿಕದ ಸಣ್ಣ ಊರುಗಳಲ್ಲಿ ಬಸ್ಸು ಎಂಬುದೇ ಅಪರೂಪ. ಅಲ್ಲಿ ವಿದ್ಯಾಲಯಕ್ಕೆ ನಡೆದು ಹೋಗುವಷ್ಟು ಹತ್ತಿರದ ಕೋಣೆಗೆ ಸ್ವಲ್ಪ ಹೆಚ್ಚಿನ ಬಾಡಿಗೆ ಕೊಟ್ಟರೂ ಕೊನೆಗೆ ಅದೇ ಅಗ್ಗವಾಗುವುದು.

ನಡೆದು ಹಣ ಉಳಿಸಿದವರಲ್ಲಿ ಗಾಂಧೀಜಿಯವರನ್ನು ಹೆಸರಿಸದೆ ಇರುವಂತಿಲ್ಲ. 1888ರಲ್ಲಿ ಲಂಡನ್ನಿಗೆ ಹೋದ ಅವರು ಮೊದಮೊದಲು ಉಡುಪಿಗೂ ನಾಟ್ಯದ ಪಾಠಕ್ಕೂ ಹಣವನ್ನು ಸುರಿದರಾದರೂ, ಎಚ್ಚರಗೊಂಡ ಮೇಲೆ ವಿದ್ಯಾಲಯಕ್ಕೆ ಕಾಲ್ನಡಿಗೆಯಲ್ಲಿಯೇ ಹೋಗಬಹುದಾದ ಕಡೆ ಕೋಣೆ ಹಿಡಿದು ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ಒಂದೇ ಕೋಣೆಗೆ ಇಳಿದು ಬೆಳಗಿನ ಗಂಜಿಯನ್ನು ತಾವೇ ಬೇಯಿಸಿಕೊಂಡರು. ಬಸ್ಸಿನ ಕಾಸು, ಅಂಚೆಯ ಚೀಟಿ, ಪತ್ರಿಕೆಯ ಎರಡು ಕಾಸು ಎಲ್ಲವನ್ನೂ ಬರೆದು ಮಲಗುವುದಕ್ಕೆ ಮುಂಚೆ ಲೆಕ್ಕ ಮುಚ್ಚುವ ಅಭ್ಯಾಸವನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿರುವರು. ಗಂಜಿಯ ಸಂಗತಿಯು ನಮ್ಮ ತಾಯಂದಿರಿಗೆ ಮುಖ್ಯ. ಮಗನಿಗೆ ರೊಟ್ಟಿ ತಟ್ಟುವುದನ್ನೂ ಬೇಳೆ ಬೇಯಿಸುವುದನ್ನೂ ಆರು ತಿಂಗಳು ಮುಂಚಿತವಾಗಿ ಕಲಿಸಿರಿ. ಹೊರಗೆ ಉಣ್ಣುವವನಿಗೂ ಬೇಯಿಸಿಕೊಳ್ಳುವವನಿಗೂ ಖರ್ಚಿನಲ್ಲಿ ಅಜಗಜಾಂತರ. ಕಟ್ಟಿಕೊಡುವ ಗಂಟಿನಲ್ಲಿ ಶೇಂಗಾ ಚಟ್ನಿ, ಜೋಳದ ಹಿಟ್ಟು ಇರಲಿ. ಆದರೆ ಪೇಢೆ, ತುಪ್ಪ ಮುಂತಾದ ಹಾಲಿನ ಪದಾರ್ಥಗಳನ್ನು ಯುರೋಪಿನ ಸುಂಕದವರು ಒಳಗೆ ಬಿಡುವುದಿಲ್ಲ. ಪ್ರೀತಿಯಿಂದ ಕಾಯಿಸಿದ ತುಪ್ಪವು ಪರರ ಕಸದ ಬುಟ್ಟಿಗೆ ಬೀಳುವುದನ್ನು ಯಾವ ತಾಯಿ ಸಹಿಸುವಳು?

ಕೊನೆಯದಾಗಿ ಹುಡುಗರಿಗೇ ಎರಡು ಮಾತು. ಕೋಣೆಯನ್ನು ಕಣ್ಣಾರೆ ನೋಡದೆ, ನಂಬತಕ್ಕವರೊಬ್ಬರಿಂದ ನೋಡಿಸದೆ, ಚಿತ್ರವನ್ನು ಮಾತ್ರ ನಂಬಿ ಮುಂಗಡವನ್ನು ಕಳುಹಿಸಬೇಡಿರಿ. ಜರ್ಮನಿಯಲ್ಲಿ ‘ತಣ್ಣನೆಯ ಬಾಡಿಗೆ’, ‘ಬೆಚ್ಚನೆಯ ಬಾಡಿಗೆ’ ಎಂದು ಎರಡುಂಟು. ಕಾಯಿಸುವ ಖರ್ಚು ಮೊದಲಾದುವು ಸೇರಿದುದು ಎರಡನೆಯದು. ಅಲ್ಲಿನ ಮುಂಗಡವು ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರಕೂಡದೆಂದು ಕಾನೂನಿದೆ. ಇನ್ನೊಂದು: ‘ನಿನ್ನ ಖಾತೆಗೆ ಸ್ವಲ್ಪ ಹಣ ಬರುವುದು, ಅದನ್ನು ನಾನು ಹೇಳಿದ ಕಡೆಗೆ ಕಳುಹಿಸು, ನಿನಗೆ ಇಷ್ಟು ಉಳಿಸಿಕೋ’ ಎಂದು ಸ್ನೇಹದಿಂದ ಕೇಳುವವರು ಸಿಕ್ಕುವರು. ಆ ಹಣವು ಕದ್ದ ಹಣ. ಖಾತೆಯನ್ನು ಎರವಲು ಕೊಟ್ಟವನೇ ಕಾನೂನಿನ ಕಣ್ಣಿಗೆ ಅಪರಾಧಿಯಾಗಿ ಜೈಲನ್ನೂ ಕಾಣಬೇಕಾದೀತು. ತಿಂಗಳ ಲೆಕ್ಕವನ್ನು ಮನೆಗೆ ಕಳುಹಿಸಿರಿ, ಕೊರತೆಯಿದ್ದರೆ ಕೊರತೆಯೆಂದೇ ಬರೆಯಿರಿ. ಮನೆಯವರು ಅದನ್ನು ಓದಿ ಬೈಯಬಾರದು. ಒಮ್ಮೆ ಬೈಸಿಕೊಂಡವನು ಎರಡನೆಯ ತಿಂಗಳು ಸುಳ್ಳು ಲೆಕ್ಕವನ್ನು ಬರೆಯುವನು.

ಈ ಸಲದ ತೊಗರಿಯು ಪುಷ್ಯದಲ್ಲಿ ಪೇಟೆಗೆ ಬರುವುದು. ಮಗನು ಈಗಾಗಲೇ ಅಲ್ಲಿರುವ ಮನೆಗಳವರು ಆ ವಾರವೇ, ಒಡವೆಯ ಅಂಗಡಿಗೂ ಮೋಟಾರು ಸೈಕಲ್ಲಿನ ಅಂಗಡಿಗೂ ಕಾಲಿಡುವುದಕ್ಕೆ ಮುಂಚೆ, ಎರಡನೆಯ ವರ್ಷದ ಶುಲ್ಕವನ್ನೂ ಅದರ ಮೇಲೆ ನೂರಕ್ಕೆ ಹತ್ತರಂತೆ ವಿನಿಮಯದ ಕೊರತೆಗೆಂದು ಇನ್ನಷ್ಟನ್ನೂ ಬೇರೆ ಠೇವಣಿಯಲ್ಲಿಡಲಿ. ಅದರ ಮುದ್ದತು ಆಷಾಢದೊಳಗೆ ಮುಗಿಯುವಂತಿರಲಿ.